ಚಿಗವ್ವನ ಕೈಸಪ್ಪಳ

ಆ ಕಿರುಚಿತ್ರ ಮಾಡಿದ್ದು ನಾವು ಮೂರೇ ಹೆಂಗಸರು. ಅಫಜಲಪುರದ ಕಾಲೇಜಿನಲ್ಲಿ ಪಾಠ ಹೇಳುವ ಗೆಳತಿಯದು ನಿರ್ದೇಶನ, ಜೇವರ್ಗಿಯಲ್ಲಿ ಮದುವೆ ಫೋಟೊ ತೆಗೆಯುವವಳದು ಕ್ಯಾಮೆರಾ, ಆಳಂದದವಳಾದ ನನ್ನದು ಧ್ವನಿ. ಹೆಣ್ಣಿನ ಮೈಯ ಆಸೆಯ ಬಗ್ಗೆ ಹೆಣ್ಣೇ ಮಾತಾಡಬೇಕು ಎಂಬುದು ನಮ್ಮ ಹಟ. ಹಟವೇನೋ ದೊಡ್ಡದು, ಮಾತಾಡುವವರು ಸಿಗಬೇಕಲ್ಲ. ಕೇಳಿದವರೆಲ್ಲ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು.

ಕೊನೆಗೆ ಒಪ್ಪಿದವಳು ಇಜೇರಿಯಲ್ಲಿರುವ ನನ್ನ ಚಿಗವ್ವ, ಅವ್ವನ ತಂಗಿ. ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಮಗ-ಸೊಸೆಯ ಜೊತೆ ಇದ್ದಾಳೆ. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಜೋಳದ ರೊಟ್ಟಿ ಬಡಿಯಲು ಮೊದಲ ಕರೆ ಅವಳಿಗೇ.

"ಹೇಳ್ತೇನಿ ಬೇ. ಆದ್ರ ನಾ ಅಂತ ಒಂದು ನರಪಿಳ್ಳಿಗೂ ಗೊತ್ತಾಗಬಾರದು. ಮಗಗ ಗೊತ್ತಾದ್ರ ಮನ್ಯಾಗ ತಲಿ ಎತ್ತಿ ತಿರಗಾಕ ಆಗಂಗಿಲ್ಲ," ಅಂದಳು. ಅವಳ ಕೈಮೇಲೆ ಕೈಯಿಟ್ಟು ಆಣೆ ಮಾಡಿದೆ.

ಸೊಸೆ ತವರಿಗೆ, ಮಗ ಹೊಲಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ಚಿಗವ್ವ ಒಲೆಯ ಮುಂದೆ ಕೂತು, ರೊಟ್ಟಿ ಬಡಿಯುವ ನಡುನಡುವೆ ಹೇಳಿದಳು. "ಗಂಡ ಹೋದ, ಆಸೆ ಹೋಗಲಿಲ್ಲ. ಬೆನ್ನ ಮ್ಯಾಲ ಒಂದು ಕೈ ಇದ್ರ ಸಾಕಿತ್ತು ಅನಸ್ತದ, ಇವತ್ತಿಗೂ."

ನಾವು ಅವಳ ಮುಖ ತೋರಿಸಲಿಲ್ಲ, ಮನೆ ತೋರಿಸಲಿಲ್ಲ. ಬರೀ ಹಿಟ್ಟು, ಬೆಂಕಿ, ಹೊಗೆ. ಅವಳು ಆಡಿದ ಮಾತನ್ನೆಲ್ಲ ನಿರ್ದೇಶಕಿ ಗೆಳತಿಯ ಬಾಯಿಂದ ಮತ್ತೆ ಹೇಳಿಸಿದೆವು. ಚಿಗವ್ವನದು ಅಂತ ಉಳಿದದ್ದು ರೊಟ್ಟಿ ಬಡಿಯುವ ಸಪ್ಪಳ ಒಂದೇ. ಅದು ಅಷ್ಟು ಚೆಂದ ಬಂದಿತ್ತು, ಬಿಡಲು ನನಗೆ ಮನಸ್ಸಾಗಲಿಲ್ಲ.

ಜೇವರ್ಗಿಯಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಚಿತ್ರ ತೋರಿಸಿದೆವು. ಇಜೇರಿಯ ಸಂಘದ ಹೆಂಗಸರೂ ಬಂದಿದ್ದರು. ಶುರುವಿನಲ್ಲಿ ಪರದೆ ಪೂರ್ತಿ ಕಪ್ಪು, ಕೇಳುವುದು ಸಪ್ಪಳ ಮಾತ್ರ. ಮೂರು ಪೆಟ್ಟು, ಒಂದು ತಡೆ, ಮತ್ತೆ ಮೂರು. ನನ್ನ ಮುಂದಿನ ಸಾಲಿನವಳು ಪಕ್ಕದವಳ ಕಡೆ ವಾಲಿ, "ಇದು ನಮ್ಮ ಓಣಿ ಕಾಕಿ ಕೈ ಅಲ್ಲೇನ?" ಅಂದಳು.

"ಹೌದು, ಆಕಿದೇ," ಅಂದಳು ಪಕ್ಕದವಳು.

ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಕೇಳುವವರಿಗೆ ಅದು ಯಾರ ಕೈ ಎಂದು ಗೊತ್ತಾಗದೆ ಇರುತ್ತದೆಯೇ? ನಮಗೆ ಮೂವರಿಗೂ ಇದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ನಾವು ಅಂಗಡಿಯ ರೊಟ್ಟಿ ತಂದು ತಿನ್ನುವ ಶಾಣ್ಯಾರು. ಮಾತು ಇನ್ನೂ ಶುರುವಾಗಿರಲಿಲ್ಲ. ಎದ್ದು ಚಿತ್ರ ನಿಲ್ಲಿಸಬಹುದಿತ್ತು. ನಾಲ್ಕು ಜನ ಏನೆಂದುಕೊಳ್ಳುತ್ತಾರೋ ಎಂದು ಕೂತೇ ಇದ್ದೆ. ಅದು ಹೇಡಿತನವೇ, ಬೇರೆ ಹೆಸರು ಬೇಡ.

ಸುದ್ದಿ ಅವತ್ತೇ ಇಜೇರಿ ಮುಟ್ಟಿತು. ಊಟಕ್ಕೆ ಕೂತಾಗಲೂ ಮಗ ಅವ್ವನ ಮುಖ ನೋಡುವುದನ್ನು ಬಿಟ್ಟನಂತೆ. ಒಲೆ ಸೊಸೆಯ ಪಾಲಾಯಿತು. ಮದುವೆ ಮನೆಗಳ ಕರೆ ನಿಂತಿತು.

ತಿಂಗಳು ಕಳೆದ ಮೇಲೆ ಹೋದೆ. ಬೈದರೆ ಬೈಸಿಕೊಂಡು ಹಗುರಾಗೋಣ ಎಂಬ ಆಸೆ. ಚಿಗವ್ವ ಬೈಯಲಿಲ್ಲ. "ಎಲ್ಲಾರೂ ನೋಡ್ಯಾರ, ನಾ ಒಬ್ಬಾಕಿನೇ ನೋಡಿಲ್ಲ. ತೋರ್ಸು," ಅಂದಳು. ಮೊಬೈಲಿನಲ್ಲಿ ಹಚ್ಚಿ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ಕೊನೆತನಕ ನೋಡಿದಳು.

"ಈಕಿ ಯಾಕ ಅಳಾಕತ್ತಾಳ?"

"ಮಾತು ನಿಂದೇ ಚಿಗವ್ವ, ಧ್ವನಿ ನನ್ನ ಗೆಳತೀದು."

"ಮಾತು ನಂದೇ, ಖರೆ. ಆದ್ರ ನಾ ನಕ್ಕೊಂತ ಹೇಳಿದ್ದೆ ಬೇ."

ಹೌದು, ನಕ್ಕಿದ್ದಳು. ಅಷ್ಟು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಗಂಡ ಸತ್ತವಳು ಆಸೆಯ ಮಾತನ್ನು ನಗುತ್ತಾ ಆಡಿದರೆ ಜನಕ್ಕೆ ಕನಿಕರ ಬರುವುದಿಲ್ಲ ಎಂದು ನಾವೇ ಮೂವರು ಕೂತು ಅದನ್ನು ಅಳುವಾಗಿಸಿದ್ದೆವು.

"ನಂದು ನಿನ್ನ ಕಡೆ ಅದ ಅಲ್ಲ? ಒಮ್ಮೆ ಕೇಳಸು. ಹೆಂಗ ನಕ್ಕಿದ್ದೆ ಅಂತ ನನಗೇ ಮರತದ."

ಗುಟ್ಟು ಉಳಿಯಲೆಂದು, ಗೆಳತಿಯ ಧ್ವನಿ ಸೇರಿಸಿದ ದಿನವೇ ಅವಳ ಮಾತಿನ ರೆಕಾರ್ಡಿಂಗನ್ನು ನಾನು ಅಳಿಸಿಹಾಕಿದ್ದೆ. "ಮನ್ಯಾಗ ಅದ ಚಿಗವ್ವ. ಮುಂದಿನ ಸರ್ತಿ ತರ್ತೇನಿ," ಅಂದೆ.

ಅವಳು ಈಗಲೂ ಫೋನ್ ಮಾಡುತ್ತಾಳೆ. ನಾನು ಎತ್ತುವುದಿಲ್ಲ.