ಯಾರೆಂದು ತೋರಿಸದ ಫೋನು

ನನ್ನದು ಸಾದಾ ಮೊಬೈಲ್. ಶಾಲೆಯಿಂದ ಬರುವಾಗ ಕೈಜಾರಿ ಬಿದ್ದರೆ ಬ್ಯಾಟರಿ ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ ಹೋಗುತ್ತವೆ. ಆರಿಸಿ ಕೂಡಿಸಿದರೆ ಮತ್ತೆ ಕೆಲಸ ಮಾಡುತ್ತದೆ. ಜೊತೆಯ ಶಿಕ್ಷಕಿಯರ ದೊಡ್ಡ ಫೋನುಗಳಿಗೆ ಈ ಗುಣವಿಲ್ಲ. ಹಾಗಾಗಿ ಅದನ್ನು ಬದಲಿಸಲು ನನಗೆ ಕಾರಣ ಕಾಣಲಿಲ್ಲ.

ಆದರೆ ಅದರಿಂದಲೇ ದೇವದುರ್ಗದಲ್ಲಿರುವ ಅಕ್ಕ ನನ್ನ ಮೇಲೆ ಸಿಟ್ಟಾದಳು. ಅವಳ ಮಗಳು ಮಾನ್ವಿಯಲ್ಲಿ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಬನ್ನಿ ಎಂದು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಳು. ಆ ಗುಂಪಿನಲ್ಲಿ ನಾನಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ಮಾನ್ವಿಯಲ್ಲಿ ಉಣ್ಣುತ್ತಿದ್ದಾಗ ನಾನು ರಾಯಚೂರಿನಲ್ಲಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದೆ. ಮರುದಿನ ಮಟಮಾರಿಯ ಚಿಕ್ಕಮ್ಮ ಫೋನು ಮಾಡಿ, ನನಗೆ ಮೈಯಲ್ಲಿ ಆರಾಮಿಲ್ಲವೇ, ಯಾಕೆ ಬರಲಿಲ್ಲ ಎಂದು ಕೇಳಿದಾಗಲೇ ವಿಷಯ ತಿಳಿದದ್ದು.

ಕೂಡಲೇ ಅಕ್ಕನ ಮೊಬೈಲಿಗೆ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದರೆ ಕತ್ತರಿಸಿದಳು. ವಾರವೆಲ್ಲ ಹೀಗೇ ನಡೆಯಿತು. ಪರದೆಯ ಮೇಲೆ ನನ್ನ ಹೆಸರು ಕಾಣುತ್ತಿತ್ತು, ಅವಳ ಬೆರಳು ತನ್ನ ಕೆಲಸ ಮಾಡುತ್ತಿತ್ತು.

ಆಗ ಅವಳ ಮನೆಯ ಲ್ಯಾಂಡ್‌ಲೈನ್ ನೆನಪಾಯಿತು. ಓಣಿಗೆ ಮೊದಲು ಬಂದ ಫೋನೆಂಬ ಅಭಿಮಾನಕ್ಕೆ ಅಕ್ಕನ ಗಂಡ ಅದನ್ನು ತೆಗೆಸಿರಲಿಲ್ಲ. ಯಾರು ಕರೆಯುತ್ತಿದ್ದಾರೆಂದು ಅದು ತೋರಿಸುವುದಿಲ್ಲ. ನನಗೆ ಬಾಯಿಪಾಠ ಬರುವ ನಂಬರು ಅದೊಂದೇ.

"ಹಲೋ, ಯಾರ್ರೀ?" ಅಂದಳು ಅಕ್ಕ.

"ಅಕ್ಕಾ, ನಾನು."

"ನೀ ಅಂತ ಗೊತ್ತಿದ್ರ ಎತ್ತತಿದ್ದಿಲ್ಲ."

"ಅದಕ್ಕ ಇದಕ್ಕ ಹಚ್ಚೀನಿ."

ಅವಳು ಫೋನು ಇಡಲಿಲ್ಲ. ಅದರ ವಯರು ಗಿಡ್ಡ, ನಿಂತೇ ಮಾತಾಡಬೇಕು. ಅವಳಿಗೆ ಮೊಣಕಾಲು ನೋವು. ಸ್ವಲ್ಪ ಹೊತ್ತಿಗೆ ಕುರ್ಚಿ ಎಳೆದ ಸದ್ದು ಕೇಳಿತು. ಇನ್ನು ಸರಿಯಾಗಿ ಬೈಯುತ್ತಾಳೆ ಎಂದು ನನಗೆ ಸಮಾಧಾನವಾಯಿತು. ಸಣ್ಣವಳಿದ್ದಾಗಿನ ನನ್ನ ಹಠದಿಂದ ಹಿಡಿದು ಒಂದೊಂದನ್ನೇ ಹೇಳುತ್ತ ಬಂದಳು. ಬೈಗುಳ ಗೃಹಪ್ರವೇಶಕ್ಕೆ ಬಂದು ಮುಟ್ಟಿದಾಗ, ನನಗೆ ಯಾರೂ ಹೇಳಿರಲಿಲ್ಲ ಎಂದೆ. ಗ್ರೂಪಿನಲ್ಲಿ ಹಾಕಿತ್ತಲ್ಲ ಎಂದಳು. ಗ್ರೂಪಿನಲ್ಲಿ ನಾನಿಲ್ಲ ಎಂದೆ.

ಅವಳು ಗಂಡನನ್ನು ಕರೆದು ನೋಡಲು ಹೇಳಿದಳು. ಆತ ಮೊಬೈಲ್ ತೆಗೆದು ಹುಡುಕಿ, "ಖರೇನ ಇಲ್ಲ ನೋಡು," ಎಂದದ್ದು ದೂರದಿಂದ ಕೇಳಿಸಿತು.

"ಮದ್ಲ ಹೇಳಾಕ ಏನಾಗಿತ್ತು ನಿನಗ?" ಅಂದಳು ಅಕ್ಕ.

"ನೀ ಫೋನ್ ಎತ್ತಲಿಲ್ಲ."

"ಹೆಂಗ ಎತ್ತಲಿ? ಸಿಟ್ಟಿಗೆದ್ದಿದ್ದೆ."

ಭಾನುವಾರ ತಾನು ಮಗಳ ಮನೆಯಲ್ಲಿರುತ್ತೇನೆ, ಅಲ್ಲಿಗೇ ಬಾ ಎಂದು ಹೇಳಿ ಫೋನಿಟ್ಟಳು.

ಭಾನುವಾರ ಬಸ್ಸು ಹತ್ತಿ ಮಾನ್ವಿಗೆ ಹೋದೆ. ಹೊಸ ಮನೆಯ ಬಾಗಿಲ ಗಂಟೆಗೆ ಕ್ಯಾಮೆರಾ ಇತ್ತು. ಒತ್ತಿದ ಕೂಡಲೇ ಗಂಟೆಯೊಳಗಿಂದಲೇ ಅಕ್ಕನ ಧ್ವನಿ ಬಂತು.

"ಯಾರಂತ ಕಾಣಾಕತ್ತದ. ಅಲ್ಲೇ ನಿಂದ್ರು."

ಬಿಸಿಲಲ್ಲಿ ನಿಂತೆ. ಎದುರು ಮನೆಯಾಕೆ ಯಾರು ಬೇಕಿತ್ತೆಂದು ಕೇಳಿದಳು, ಇದೇ ಮನೆಯವರು ಬೇಕಾಗಿತ್ತು ಎಂದೆ. ಸಿಟ್ಟು ಇನ್ನೂ ಇಳಿದಿಲ್ಲವೆಂದುಕೊಂಡು ಸೆರಗು ತಲೆಯ ಮೇಲೆ ಎಳೆದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಅಕ್ಕನ ಕೈಯಲ್ಲಿ ಆರತಿ ತಟ್ಟೆ ಇತ್ತು. ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಸಿಗದೆ ತಡವಾಗಿತ್ತಂತೆ.

"ಬಲಗಾಲು ಇಟ್ಟು ಒಳಗ ಬಾ," ಎಂದಳು.

ಇಟ್ಟೆ. ಒಳಗೆ ಹೋಳಿಗೆ ಮಾಡಿದ್ದರು. ತುಪ್ಪ ಸಾಕೆಂದರೂ ಅಕ್ಕ ಹಾಕುತ್ತಲೇ ಇದ್ದಳು.