ಅಂಜಿನಮ್ಮತ್ತೆ ಹೆಣ್ಣು ನೋಡಿದ್ದು

ನಮ್ಮ ಅಂಜಿನಮ್ಮತ್ತೆ ಸರ್ಕಾರಿ ಕೆಲಸದಿಂದ ರಿಟೈರ್ ಆದಮೇಲೆ ಮಾನವಶಾಸ್ತ್ರದ ಎಂ.ಎ.ಗೆ ಸೇರಿಕೊಂಡರು. ಆವತ್ತಿನಿಂದ ಕಂಡವರೆಲ್ಲ ಅವರಿಗೆ ಪಾಠವೇ. ನನಗೆ ಹೆಣ್ಣು ನೋಡಲು ಬಸವನಗುಡಿಗೆ ಹೋದಾಗಲೂ ಸುಮ್ಮನಿರಬೇಕಲ್ಲ! ಆ ಶಾಸ್ತ್ರಕ್ಕೆ ನಾಲ್ಕು ಶಾಖೆಯಂತೆ, ನಾಲ್ಕೂ ಅಲ್ಲೇ ಆಗಬೇಕಿತ್ತು.

ಹುಡುಗಿಯ ಅಜ್ಜಿಯ ದವಡೆಯನ್ನು ಮೊಮ್ಮಕ್ಕಳ ದವಡೆಗೆ ಹೋಲಿಸಿ, "ದೈಹಿಕ ಮಾನವಶಾಸ್ತ್ರ ಅಂದ್ರೆ ಇದೇ!" ಎಂದರು. ಮೊದಲ ಕಾಫಿ ಲೋಟ ಯಾರ ಕೈಗೆ ಹೋಯಿತು ಅಂತ ಕಾದು ನೋಡಿದರು, ಅದು ಸಾಂಸ್ಕೃತಿಕವಂತೆ. ಅಜ್ಜಿ ಬೈಯುವಾಗ ಮಾತ್ರ ತೆಲುಗಿಗೆ ಜಾರಿದ್ದೇ ತಡ, "ಭಾಷಾ ಶಾಖೆ!" ಅಂತ ಚಪ್ಪಾಳೆ. ಉಳಿದದ್ದು ಪುರಾತತ್ವ. ಅದಕ್ಕೆ ಹಿತ್ತಲಿಗೇ ನುಗ್ಗಿ, ಯಾವುದೋ ಕಾಲದ ಉಪ್ಪಿನಕಾಯಿ ಜಾಡಿಯ ಚೂರು ಹಿಡಿದು ಕುಣಿಯುತ್ತಾ ಬಂದರು. ಹಿಂದೆಯೇ ರೇಷ್ಮೆ ಸೀರೆಯ ಹುಡುಗಿ, ಮೊಣಕೈವರೆಗೂ ಮಣ್ಣು. ಸೋಫಾ ಮೇಲೆ ತಮ್ಮನ ಪಕ್ಕ ಕೂತಿದ್ದ ನನ್ನ ಮಾನ ಹರಾಜಾಗಿತ್ತು.

ವಾಪಸ್ ಬರುವಾಗ ಆಟೋದಲ್ಲಿ ಕೇಳಿದೆ, "ಹುಡುಗಿ ಹೇಗಿದ್ಲತ್ತೆ?"

"ಅಯ್ಯೋ, ಹುಡುಗೀನ ಕರೆದಿದ್ರಾ?"

"ನಿಮ್ ಜೊತೆ ಮಣ್ಣು ಅಗೆದವಳು ಇನ್ಯಾರು!"

ಸಂಜೆ ಆ ಹುಡುಗಿ ರಂಜಿನಿಯೇ ಫೋನ್ ಮಾಡಿದಳು. "ನಂಗೆ ಒಪ್ಪಿಗೆ. ಅತ್ತೆ ನಿಮ್ಮನೇಲೇ ಇರ್ತಾರೆ ತಾನೇ? ಅಂದಹಾಗೆ, ಸೋಫಾ ಮೇಲೆ ಕೂತಿದ್ರಲ್ಲ, ಅವ್ರಲ್ಲಿ ನೀವು ಯಾರು?"