ಹುಚ್ಚೆಳ್ಳು ಚಟ್ನಿಯ ಕಪ್ಪು

ಹುರಿದ ಹುಚ್ಚೆಳ್ಳಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಹೊಟ್ಟೆ ತಿರುಚಿಕೊಳ್ಳುತ್ತದೆ. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ನಾವು ಆರು ಮಂದಿ ಹೆಂಗಸರು ಒಂದೇ ಬೆಂಚಿನಲ್ಲಿ ಕೂತು ಊಟ ಮಾಡುತ್ತೇವೆ. ಯಾರಾದರೂ ರಾಗಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ತಂದ ದಿನ ಉಳಿದವರು ಆ ಡಬ್ಬಿಯ ಮೇಲೆ ಮುಗಿಬೀಳುತ್ತಾರೆ. ಬೆಳ್ಳುಳ್ಳಿ, ಹುಣಸೆಹಣ್ಣು, ಒಣಮೆಣಸಿನಕಾಯಿ ಹಾಕಿ ಕುಟ್ಟಿದ ಆ ಕರ್ರಗಿನ, ಎಣ್ಣೆ ಮಿನುಗುವ ಮುದ್ದೆಯನ್ನು ಅವರು ಬೆರಳಲ್ಲಿ ಸವರಿ ನೆಕ್ಕುವಾಗ ನಾನು ನನ್ನ ಡಬ್ಬಿ ಮುಚ್ಚಿ ಎದ್ದು ಹೋಗುತ್ತೇನೆ. "ಮೇಡಮ್ಮೋರ್ಗೆ ಹಳ್ಳಿ ಊಟ ಸೇರಕಿಲ್ಲ ಕಣ್ರವ್ವ" ಎಂದು ಬೆನ್ನ ಹಿಂದೆ ನಗುತ್ತಾರೆ. ನಗಲಿ. ನಾಜೂಕೂ ಅಲ್ಲ, ಬಿಗುಮಾನವೂ ಅಲ್ಲ, ನನಗದು ಅಸಹ್ಯ. ಚಟ್ನಿಯ ಮೇಲಲ್ಲ. ನಮ್ಮೂರು ಉಡಿಗಾಲದ ಒಂದು ಮನೆಯ ಮೇಲೆ, ಆ ಮನೆಯ ಜನರ ಮೇಲೆ, ಅವರ ನಡುವೆ ಬಾಯಿ ಮುಚ್ಚಿಕೊಂಡು ನಿಂತಿದ್ದ ಎಂಟು ವರ್ಷದ ಹುಡುಗಿಯ ಮೇಲೆ. ಆ ಹುಡುಗಿ ನಾನೇ.

ಎಂಥ ಚೊಕ್ಕಟ ಮನೆ ಅದು ಅಂತೀರಿ. ಅಜ್ಜಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಂಗಳಕ್ಕೆ ಸಗಣಿ ನೀರು ಹಾಕಿಸುತ್ತಿದ್ದಳು. ಹೊರಗಿಂದ ಬಂದವರು ಕಾಲು ತೊಳೆಯದೆ ಹೊಸಿಲು ದಾಟುವಂತಿರಲಿಲ್ಲ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅವ್ವನ ಬೆರಳ ಸಂದು ಸೀಳಿರುತ್ತಿತ್ತು. ಸೌದೆ ಹೊಗೆ, ಒಗೆದ ಬಟ್ಟೆಯ ಸಬಕಾರ, ಮೂಲೆಯಲ್ಲಿ ಪೇರಿಸಿದ್ದ ರಾಗಿ ಮೂಟೆಯ ಗೋಣಿ ವಾಸನೆ ಎಲ್ಲ ಸೇರಿ ಆ ಮನೆಗೆ ಒಂದು ಘಮಲು ಇತ್ತು. ಅದನ್ನು ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಚೊಕ್ಕಟ ಮನೆಯಲ್ಲೇ ನಮ್ಮ ಚಿಕ್ಕವ್ವ ಮಂಗಳಳ ಮೂರು ತಿಂಗಳ ಕೂಸು ಜ್ವರ ಬಂದು ತೀರಿಹೋಯಿತು. ಹೋದ ದಿನವೇ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಎಸೆದರು. ಕೂಸು ಮಲಗುತ್ತಿದ್ದ ಹಳೆ ಸೀರೆಯ ಕೌದಿಯನ್ನು ಅಜ್ಜಿ ಬಚ್ಚಲ ಬಾಗಿಲಿಗೆ ಕಾಲೊರೆಸಲು ಹಾಕಿದಳು, ಬಟ್ಟೆ ದಂಡವಾಗಬಾರದಲ್ಲ. ನಾವೆಲ್ಲ ಒದ್ದೆ ಕಾಲನ್ನು ಅದರ ಮೇಲೇ ಒರೆಸುತ್ತಿದ್ದೆವು. ಚಿಕ್ಕವ್ವ ಮಾತ್ರ ಅದನ್ನು ದಾಟಿ, ಒದ್ದೆ ಕಾಲಲ್ಲೇ ಒಳಗೆ ಬಂದು ಬೈಸಿಕೊಳ್ಳುತ್ತಿದ್ದಳು.

ಅಳಬಾರದು ಎಂಬುದು ಅಜ್ಜಿಯ ಅಪ್ಪಣೆ. "ಅತ್ರೆ ಮುಂದಿನ್ ಬಸುರಿಗೆ ಒಳ್ಳೇದಲ್ಲ ಕಣಮ್ಮಿ. ನಾನೂ ಮೂರ್ ಕಳ್ಕಂಡಿವ್ನಿ, ಯಾರ್ ಮುಂದೆ ಅತ್ತಿದ್ದೆ?" ಎಂದಿದ್ದಳು. ಕೂಸಿನ ಹೆಸರನ್ನು ಯಾರೂ ಎತ್ತಲಿಲ್ಲ. ಚಿಕ್ಕಪ್ಪನಂತೂ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬಂದು, ಉಂಡು, ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ತಿಂಗಳು ತುಂಬುವುದರೊಳಗೆ ಚಿಕ್ಕವ್ವನ ಹೊಟ್ಟೆ ಕೆಟ್ಟಿತು. ಮುದ್ದೆ ನುಂಗಿದರೆ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ನೀರು ಕುಡಿದರೂ ವಾಂತಿ. ಹೊಟ್ಟೆ ಹಿಡಿದುಕೊಂಡು ಬಾಗಿ ಕೂತಳೆಂದರೆ ಅರ್ಧ ದಿನ ಏಳುತ್ತಿರಲಿಲ್ಲ. ಕೈಬಳೆ ಮೊಣಕೈವರೆಗೂ ಜಾರುವಷ್ಟು ಸೊರಗಿದಳು. ಚಾಮರಾಜನಗರದ ಡಾಕ್ಟರು ನೋಡಿ, ಏನೂ ಇಲ್ಲ, ಚೆನ್ನಾಗಿ ತಿನ್ನಲಿ ಎಂದು ಟಾನಿಕ್ ಬರೆದುಕೊಟ್ಟರು.

ಅವಳು ತಿನ್ನುತ್ತಿದ್ದದ್ದು ಒಂದೇ ಮನೆಯಲ್ಲಿ. ಎದುರಿನ ಕೆಂಪಮ್ಮನ ಮನೆಯಲ್ಲಿ. ನಾನು ಅವಳನ್ನು ಅತ್ತೆ ಅನ್ನುತ್ತಿದ್ದೆ. ವಯನಾಡಿಗೆ ಕೂಲಿಗೆ ಹೋದ ಗಂಡ ಹಿಂದಿರುಗಿರಲಿಲ್ಲ, ಮಕ್ಕಳಿರಲಿಲ್ಲ, ಒಂದೇ ಕೋಣೆಯ ಮನೆ. ಮಧ್ಯಾಹ್ನ ಅಜ್ಜಿ ತೂಕಡಿಸುವಾಗ ಚಿಕ್ಕವ್ವ ನನ್ನ ಕೈ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಕೆಂಪಮ್ಮ ಒರಳಲ್ಲಿ ಹುಚ್ಚೆಳ್ಳು ಕುಟ್ಟುತ್ತಾ, "ಕೂಸ್ಗೆ ಬಲಗೆನ್ನೆ ಮೇಲಲ್ವಾ ಮಚ್ಚೆ ಇದ್ದುದ್ದು?" ಎಂದು ಸುಮ್ಮನೆ ಕೇಳುತ್ತಿದ್ದಳು. ಚಿಕ್ಕವ್ವ ಅಳುತ್ತಿದ್ದಳು. ಅತ್ತು ಮುಗಿದ ಮೇಲೆ ಒಂದು ರೊಟ್ಟಿ, ಒಂದೊಂದು ದಿನ ಎರಡು ರೊಟ್ಟಿ ತಿನ್ನುತ್ತಿದ್ದಳು. ಅದು ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ನಾನೂ ತಿನ್ನುತ್ತಿದ್ದೆ. ಅಂಥ ರುಚಿಯ ಚಟ್ನಿಯನ್ನು ಆಮೇಲೆ ನಾನು ತಿಂದಿಲ್ಲ.

ಮದ್ದು ಅಂದರೆ ನಮ್ಮ ಕಡೆ ಔಷಧ ಮಾತ್ರವಲ್ಲ. ಆಗದವರು ಊಟದಲ್ಲಿ ಬೆರೆಸಿ ತಿನ್ನಿಸುವ, ಹೊಟ್ಟೆಯಲ್ಲಿ ಕೂತು ಆಳನ್ನು ಒಳಗಿಂದ ತಿನ್ನುವ ವಿಷಕ್ಕೂ ಅದೇ ಹೆಸರು. ಅದನ್ನು ಕಕ್ಕಿಸಿ ತೆಗೆಯುವವರು ಬೇರೆಯೇ ಇರುತ್ತಾರೆ. ಟಾನಿಕ್ ಬಾಟಲಿ ಖಾಲಿಯಾದ ದಿನ ಅಜ್ಜಿ ಚಿಕ್ಕಪ್ಪನಿಗೆ ಹೇಳಿದಳು, "ಯಾರೋ ಮದ್ದು ಇಕ್ಕವ್ರೆ ಕಣ್ಲಾ. ಇಲ್ದಿದ್ರೆ ನೀರ್ ಕುಡುದ್ರೂ ಯಾಕ್ ಕಕ್ತಾಳೆ?" ಆಮೇಲೆ ನನ್ನನ್ನು ಮಡಿಲಿಗೆ ಎಳೆದುಕೊಂಡು ತಲೆ ಸವರುತ್ತಾ ಕೇಳಿದಳು. "ನಿಜ ಯೋಳಮ್ಮಿ, ಇವ್ಳು ಯಾರ್ ಮನೇಲಿ ಉಣ್ತಾಳೆ?" ತಲೆ ಸವರಿಸಿಕೊಳ್ಳುವ ಸುಖಕ್ಕೆ ನಾನು ಕೆಂಪತ್ತೆಯ ಹೆಸರು ಹೇಳಿಬಿಟ್ಟೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಮಕ್ಕಳಿಲ್ಲದವಳು, ಗಂಡ ಬಿಟ್ಟವಳು, ಅವರಿಗೆ ಇನ್ನೇನು ಬೇಕಿತ್ತು?

ಮದ್ದು ತೆಗೆಯುವವನು ಗುಂಡ್ಲುಪೇಟೆಯಿಂದಾಚೆ ಒಂದು ಹಳ್ಳಿಯಲ್ಲಿದ್ದ. ಬರೀ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿ ಕಳಿಸಿದ್ದ. ಹೊರಡುವ ದಿನ ನಸುಕಿನಲ್ಲಿ ನಾನು ಬಾಗಿಲಿಗೆ ಬಂದಾಗ ಕೆಂಪತ್ತೆ ತನ್ನ ಜಗಲಿಯಿಂದ ಕೈಸನ್ನೆ ಮಾಡಿ ಕರೆದಳು. ಮುತ್ತುಗದ ಎಲೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಮಧ್ಯದಲ್ಲಿ ಲಿಂಬೆಹಣ್ಣಿನ ಗಾತ್ರದ ಚಟ್ನಿ. "ದೂರ ಓಗ್ತಾಳಂತೆ, ಉಣ್ಬುಟ್ಟು ಓಗ್ಲಿ. ಯಾರ್ಗೂ ಯೋಳ್ಬ್ಯಾಡ" ಎಂದಳು. ಚಿಕ್ಕವ್ವ ಹಿತ್ತಿಲ ಗೋಡೆಯ ಮರೆಯಲ್ಲಿ ಕೂತು ಅದಷ್ಟನ್ನೂ ತಿಂದಳು. ಬೆರಳು ನೆಕ್ಕಿ ನನ್ನ ಕಡೆ ನೋಡಿ ನಕ್ಕಳು. ಅವಳ ಹಲ್ಲೆಲ್ಲ ಕಪ್ಪಾಗಿತ್ತು. ಬಸ್ಸಿನಲ್ಲಿ ಅಜ್ಜಿ ನನ್ನನ್ನೂ ಕರೆದುಕೊಂಡು ಹೋದಳು, ಎದುರು ಮನೆಯಲ್ಲಿ ನಾನೂ ಉಂಡಿದ್ದೆನಲ್ಲ, ಆ ಭಯಕ್ಕೆ.

ಅಲ್ಲಿ ನಡೆದದ್ದನ್ನು ಬರೆಯುವಾಗಲೂ ಬಾಯಲ್ಲಿ ಹುಳಿನೀರು ಬರುತ್ತದೆ. ಒಂದು ಚೆಂಬು ಹಸಿರು ರಸ, ಮಜ್ಜಿಗೆಯಲ್ಲಿ ಕದಡಿದ್ದು. ಇಬ್ಬರು ಹೆಂಗಸರು ಚಿಕ್ಕವ್ವನ ತೋಳು ಹಿಡಿದರು, ಒಬ್ಬಳು ಮೂಗು ಹಿಡಿದು ಕುಡಿಸಿದಳು. ಸುತ್ತ ಕೂತವರು ಕತ್ತು ಚಾಚಿಕೊಂಡು ನೋಡುತ್ತಿದ್ದರು. ಅವಳು ಕಕ್ಕಿದಳು, ಕಣ್ಣುಗುಡ್ಡೆ ಹೊರಬರುವಂತೆ ಕಕ್ಕಿದಳು. ಆತ ಬಾಳೆಲೆಯ ಮೇಲಿದ್ದ ಅದನ್ನು ಕಡ್ಡಿಯಲ್ಲಿ ಕೆದಕಿ, ಲೋಳೆ ಸುತ್ತಿದ ಒಂದು ಕಪ್ಪು ಉಂಡೆಯನ್ನು ಎತ್ತಿ ತೋರಿಸಿದ. "ನೋಡ್ರವ್ವ, ಕರುಳ್ಗೆ ಕಚ್ಕಂಡಿತ್ತು. ಇನ್ನೊಂದ್ ತಿಂಗ್ಳು ಬುಟ್ಟಿದ್ರೆ ಎದೆಗೇರ್ಬುಡೋದು." ಅಜ್ಜಿ ಕೈ ಮುಗಿದಳು. ನನಗೆ ಹುಚ್ಚೆಳ್ಳಿನ ವಾಸನೆ ಬಂತು, ಬೆಳ್ಳುಳ್ಳಿಯ ಸಿಪ್ಪೆಯೊಂದು ಅದರಲ್ಲಿ ಅಂಟಿದ್ದೂ ಕಂಡಿತು. ಅದು ಚಟ್ನಿ ಅಜ್ಜಿ ಎಂದರೆ ಮುಗಿಯುತ್ತಿತ್ತು. ಆದರೆ ಚಟ್ನಿ ತಂದುಕೊಟ್ಟವಳು ನಾನು, ಚೆಂಬಿನ ತಳದಲ್ಲಿ ನನಗೂ ಕುಡಿಸುವಷ್ಟು ಹಸಿರು ರಸ ಇನ್ನೂ ಇತ್ತು. ಚಿಕ್ಕವ್ವ ತಲೆ ಎತ್ತಿ ನನ್ನನ್ನೇ ನೋಡಿದಳು. ಅವಳಿಗೆ ಮಾತಾಡಲು ಉಸಿರಿರಲಿಲ್ಲ, ಉಸಿರಿದ್ದ ನಾನು ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡೆ.

ಊರಿಗೆ ಬಂದ ಸಂಜೆಯೇ ಅಜ್ಜಿ ಕೆಂಪಮ್ಮನ ಬಾಗಿಲಿಗೆ ಮಣ್ಣು ತೂರಿ ಶಪಿಸಿದಳು. ಕೆಂಪಮ್ಮ ಕದ ಹಾಕಿಕೊಂಡಳು. ಆಮೇಲೆ ಅವಳ ಕೈಯಿಂದ ಊರಲ್ಲಿ ಯಾರೂ ಒಂದು ಲೋಟ ನೀರು ಇಸಿದುಕೊಳ್ಳಲಿಲ್ಲ. ಚಿಕ್ಕವ್ವನಿಗೆ ಅತ್ತು ಹಗುರಾಗಲು ಇದ್ದ ಒಂದು ಜಾಗವೂ ಹೋಯಿತು. ಹೊಟ್ಟೆನೋವು ನಿಲ್ಲಲಿಲ್ಲ. ಮದ್ದಿನ ಬೇರು ಒಳಗೆ ಉಳಿದಿದೆ ಎಂದು ಇನ್ನೂ ಮೂರು ಸಲ ಕಕ್ಕಿಸಿದರು. ನಾಲ್ಕನೆಯದಾದ ಮೇಲೆ ಅವಳ ಅಣ್ಣ ಬಂದು, ಎತ್ತಿಕೊಂಡೇ ಗುಂಡ್ಲುಪೇಟೆ ಕಡೆಯ ತವರಿಗೆ ಕರೆದೊಯ್ದ. ಚೆಂಡುಹೂವು ಕೊಯ್ಯುವ ಕಾಲಕ್ಕೆ ತೀರಿಕೊಂಡಳು. ಹೊಟ್ಟೆನೋವಿಂದ ಹೋದಳು ಎಂದರು. ಕೂಸು ಹೋದ ಸಂಕಟಕ್ಕೆ ಹೋದಳು ಎಂದು ಒಬ್ಬರೂ ಅನ್ನಲಿಲ್ಲ.

ಈಗ ಆ ಮನೆಯಿಲ್ಲ. ಅಜ್ಜಿ ಹೋದ ಮೇಲೆ ಪಾಲಾಗಿ, ಕೆಡವಿ, ಎರಡು ಷಟರ್ ಹಾಕಿದ ಅಂಗಡಿಯಾಗಿದೆ. ಎರಡು ವರ್ಷದಿಂದ ನನ್ನ ಹೊಟ್ಟೆಯೂ ಹಾಗೆಯೇ ಹಿಡಿದುಕೊಳ್ಳುತ್ತಿದೆ. ಗಂಟಲಿನಿಂದ ಪೈಪು ಇಳಿಸಿ ನೋಡಿದ ಡಾಕ್ಟರಮ್ಮ, ಹೊಟ್ಟೆ ಚೆನ್ನಾಗಿದೆ, ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದ್ದೀರಾ ಎಂದು ಕೇಳಿದರು. ಹೊಟ್ಟೆ ತೋರಿಸಲು ಬಂದರೆ ಮನಸ್ಸಿನ ವಿಚಾರ ಇವರಿಗೇಕೆ ಎಂದು ಸಿಟ್ಟು ಬಂತು. ಸಿಟ್ಟು ಇಳಿಯಲು ವಾರ ಹಿಡಿಯಿತು. ಇಳಿದ ಮೇಲೆ ಒಂದು ಭಾನುವಾರ ಉಡಿಗಾಲದ ಬಸ್ಸು ಹತ್ತಿದೆ.

ಕೆಂಪಮ್ಮ ಅದೇ ಒಂದು ಕೋಣೆಯಲ್ಲಿದ್ದಳು. ಕಣ್ಣು ಮಂಜಾಗಿತ್ತು, ಕೈ ಮೊರದಲ್ಲಿ ಆಡುತ್ತಿತ್ತು. ನಾನು ಯಾರೆಂದು ಹೇಳಿ ಕೂತು, ತೊದಲುತ್ತಾ, ಎಲ್ಲ ಹೇಳಿದೆ. "ಅತ್ತೆ, ಅವತ್ತು ಅವ್ನು ತೋರ್ಸಿದ್ದು ನಿಮ್ಮ ಚಟ್ನಿ. ನಂಗೊತ್ತಿತ್ತು, ಹೇಳ್ಲಿಲ್ಲ." ಮೊರ ನಿಂತಿತು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಿಂದ್ಲಾ?" ಎಂದಳು. ನನಗೆ ತಿಳಿಯಲಿಲ್ಲ. "ಆವತ್ತು ಬೆಳಿಗ್ಗೆ. ಮಂಗ್ಳಿ ತಿಂದ್ಲಾ ಅಂತ?"

"ಪೂರ್ತಿ ತಿಂದ್ಲು ಅತ್ತೆ. ಬೆರಳೂ ನೆಕ್ಕಿದ್ಲು."

"ಅಂಗಾರೆ ಸರಿ ಬುಡು. ನೀನೂ ಅವ್ಳಂಗೇ ಸಣ್ಕಾಗಿದ್ದೀಯ. ಕೂತ್ಕ, ಒಂದ್ ರೊಟ್ಟಿ ತಟ್ತೀನಿ" ಎಂದು ಗೋಡೆ ಹಿಡಿದು ಎದ್ದಳು.

ಬೇಡ ಎನ್ನುವ ಮುಖ ನನಗಿರಲಿಲ್ಲ. ಚಟ್ನಿಯ ಸಮೇತ ಕಣ್ಣು ಮುಚ್ಚಿ ತಿಂದೆ. ಬಸ್ ಸ್ಟಾಪಿನವರೆಗೆ ಹೇಗೋ ತಡೆದುಕೊಂಡೆ, ಆಮೇಲೆ ಬೇಲಿಯ ಬುಡದಲ್ಲಿ ಕೂತು ಅಷ್ಟನ್ನೂ ಕಕ್ಕಿದೆ. ಕರ್ರಗೆ, ಲೋಳೆ ಸುತ್ತಿಕೊಂಡು, ಅದೇ ಉಂಡೆ. ಕಾಲಲ್ಲಿ ಮಣ್ಣು ಎಳೆದು ಮುಚ್ಚಿದೆ. ಸ್ಟಾಪಿನಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸೊಬ್ಬಳು ನೀರಿನ ಬಾಟಲಿ ಚಾಚಿ ಕೇಳಿದಳು, "ಯಾಕವ್ವ, ಯಾರ್ ಮನೇಲಿ ಏನ್ ಉಂಡಿದ್ದೆ?"

"ಊಟದ್ದಲ್ಲ ಕಣವ್ವ" ಎಂದೆ. "ನಮ್ ಚಿಕ್ಕವ್ವ ತೀರ್ಕಂಡ್ಲು."

ಯಾವಾಗ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಮೂವತ್ತು ವರ್ಷದ ಮೇಲಾಯಿತು ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ತನ್ನ ಚೀಲವನ್ನು ಆ ಕಡೆಗೆ ಸರಿಸಿ ಕಲ್ಲಿನ ಮೇಲೆ ನನಗೆ ಜಾಗ ಮಾಡಿದಳು.

"ಅತ್ಬುಡವ್ವ" ಎಂದಳು. "ಬಸ್ ಬರಕ್ಕೆ ಇನ್ನೂ ಒತ್ತು ಅದೆ."